ಯಾರ ಹೆಸರಿನ ಖಾತೆಯೋ ಅವರದೇ ಲೆಕ್ಕ

ಮಕ್ಕಳ ಹೆಸರಿನಲ್ಲಿ ನಾಲ್ಕು ಕಾಸು ಕೂಡಿಡುವುದು ನಮ್ಮ ಮನೆತನಗಳಿಗೆ ಹೊಸದಲ್ಲ. ನಾಮಕರಣದ ದಿನ ಬಂದ ಮುಯ್ಯಿಯನ್ನು ಅಂಚೆ ಕಚೇರಿಯ ಪಾಸ್ ಪುಸ್ತಕಕ್ಕೆ ತುಂಬುವವರು, ಸುಗ್ಗಿಯ ಹಣದಲ್ಲಿ ಒಂದು ಪಾಲನ್ನು ಮಗಳ ಹೆಸರಿನಲ್ಲಿ ಠೇವಣಿ ಇಡುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಹೆಸರು ಮಗುವಿನದಾದರೂ ಲೆಕ್ಕವನ್ನು ನೋಡಿಕೊಳ್ಳುವವರು ತಂದೆತಾಯಿಗಳೇ. ಈ ಒಳ್ಳೆಯ ಅಭ್ಯಾಸವನ್ನು ಜೊತೆಯಲ್ಲಿ ಕೊಂಡೊಯ್ದು ಅಮೆರಿಕೆಯಲ್ಲಿ ನೆಲೆಸಿದ ನಮ್ಮ ಕುಟುಂಬಗಳು ಅಲ್ಲಿಯೂ ಮಕ್ಕಳ ಹೆಸರಿನಲ್ಲಿ ಹಣ ಕೂಡಿಡುತ್ತಿವೆ. ಆದರೆ ಅಲ್ಲಿನ ತೆರಿಗೆಯ ಕಟ್ಟಳೆ ಬೇರೆ. ಇಲ್ಲಿಯ ತಿಳಿವಳಿಕೆಯಿಂದ ಅಲ್ಲಿಯ ಲೆಕ್ಕವನ್ನು ಬರೆಯಹೊರಟಾಗ ಸದ್ಭಾವನೆಯುಳ್ಳ ಗೃಹಸ್ಥರೂ ತಪ್ಪುತ್ತಾರೆ. ಅಂಥ ಒಂದು ತಪ್ಪನ್ನು ನಾವು ಕಣ್ಣಾರೆ ಕಂಡೆವು. ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿರುವ ವಾಚಕರು ನಮ್ಮಲ್ಲಿ ಅನೇಕರಿರುವುದರಿಂದ ಆ ಸಂಗತಿಯನ್ನು ಇಲ್ಲಿ ವಿವರವಾಗಿ ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

2024ರ ಶರತ್ಕಾಲದಲ್ಲಿ ನಾವು ನ್ಯೂ ಜೆರ್ಸಿ ರಾಜ್ಯದ ಒಂದು ಭಕ್ತ ಕುಟುಂಬದಲ್ಲಿ ಕೆಲವು ದಿನ ತಂಗಿದ್ದೆವು. ಮನೆಯ ಯಜಮಾನರು ದಾವಣಗೆರೆಯ ಕಡೆಯವರು, ಎಂಜಿನಿಯರರು. ಅವರ ತಾಯಿಯವರೂ ಜೊತೆಯಲ್ಲಿದ್ದಾರೆ. ಮಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. ಒಂದು ಸಂಜೆ ಅಂಚೆಯಲ್ಲಿ ಅಲ್ಲಿನ ಆದಾಯ ತೆರಿಗೆ ಇಲಾಖೆಯ ಲಕೋಟೆ ಬಂತು. ಮೇಲೆ ಬರೆದಿದ್ದ ಹೆಸರು ಯಜಮಾನರದಲ್ಲ, ಮಗನದು. 2022ನೆಯ ಸಾಲಿಗೆ ಅವನಿಂದ ರಿಟರ್ನ್ ಬಂದಿಲ್ಲವೆಂದೂ ಆ ವರ್ಷ ಅವನ ನಿವೃತ್ತಿ ಖಾತೆಯಿಂದ ಸುಮಾರು 8,000 ಡಾಲರ್ ಹೊರಬಂದಿರುವುದಾಗಿ ತಮಗೆ ವರದಿಯಿದೆಯೆಂದೂ ಅದರಲ್ಲಿ ತಿಳಿಸಿದ್ದರು.

ಯಜಮಾನರಿಗೆ ಆಶ್ಚರ್ಯವಾಯಿತು. "ಆ ಹಣವನ್ನು ನಾನು ನನ್ನ ರಿಟರ್ನಿನಲ್ಲೇ ತೋರಿಸಿ ತೆರಿಗೆ ಕಟ್ಟಿದ್ದೇನೆ ಶಾಸ್ತ್ರಿಗಳೇ. ಅವನು ನನ್ನ ಅವಲಂಬಿತ. ಅವನ ಫೀಸು, ಊಟ, ವಸತಿ ಎಲ್ಲ ನನ್ನದೇ. ಅವನ ಆದಾಯ ನನ್ನ ಲೆಕ್ಕಕ್ಕೆ ಸೇರದೆ ಇನ್ನೆಲ್ಲಿಗೆ ಹೋಗಬೇಕು?" ಎಂದರು. ಅವರು ಒಂದು ಡಾಲರನ್ನೂ ಮರೆಮಾಚಿರಲಿಲ್ಲ. ತೆರಿಗೆಯನ್ನು ಪೂರ್ತಿ ಸಲ್ಲಿಸಿದ್ದರು. ಆದರೂ ನೋಟೀಸು ಬಂತು. ತಪ್ಪಾಗಿದ್ದುದು ಹಣದ ಮೊತ್ತದಲ್ಲಲ್ಲ, ಅದನ್ನು ಬರೆದ ಪುಟದಲ್ಲಿ.

ನಾವು ತೆರಿಗೆಯ ಪಂಡಿತರಲ್ಲ. ಮಠದ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಕೆಲವು ವರ್ಷ ಕಾಣಿಕೆಯ ಲೆಕ್ಕ ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿತ್ತು. ಒಬ್ಬರು ಕೊಟ್ಟ ಹಣವನ್ನು ಅವರ ಅಣ್ಣನ ಹೆಸರಿಗೆ ಬರೆದರೆ ಮೊತ್ತ ಸರಿಬಂದರೂ ಲೆಕ್ಕ ತಪ್ಪೇ ಎಂದು ಹಿರಿಯರು ನಮ್ಮಿಂದ ಪುಟವನ್ನೇ ಮತ್ತೆ ಬರೆಸುತ್ತಿದ್ದರು. ಆ ಮಟ್ಟಿನ ಅನುಭವದ ಮೇಲೆ, ಅಲ್ಲಿನ ಇಲಾಖೆಯ ಸೂಚನಾ ಪುಸ್ತಿಕೆಗಳನ್ನು ಆ ಮನೆಯವರೊಡನೆ ಕುಳಿತು ಓದಿ, ಲೆಕ್ಕಿಗರನ್ನು ಕೇಳಿ ತಿಳಿದುದನ್ನು ಮುಂದೆ ಹೇಳುತ್ತೇವೆ.

ಖಾತೆ ಯಾವುದು, ಪರಿವರ್ತನೆ ಎಂದರೇನು?

ಅಮೆರಿಕೆಯಲ್ಲಿ ದುಡಿಯುವ ವ್ಯಕ್ತಿಯು ವೃದ್ಧಾಪ್ಯಕ್ಕೆಂದು ತನ್ನ ಹೆಸರಿನಲ್ಲಿಯೇ ತೆರೆಯಬಹುದಾದ ಖಾತೆಗೆ ಐ.ಆರ್.ಎ. ಎಂದು ಹೆಸರು. 1974ರ ಕಾಯಿದೆಯಿಂದ ಇದು ಬಂದಿತು. ಇದರಲ್ಲಿ ಹಾಕಿದ ಹಣಕ್ಕೆ ಆ ವರ್ಷ ಸಾಮಾನ್ಯವಾಗಿ ತೆರಿಗೆಯ ವಿನಾಯಿತಿ ದೊರೆಯುತ್ತದೆ. ಮುಂದೆ ತೆಗೆಯುವಾಗ ತೆರಿಗೆ ಕೊಡಬೇಕು. 1997ರ ಕಾಯಿದೆಯಿಂದ ಎರಡನೆಯ ಬಗೆಯೊಂದು ಸೇರಿತು. ಡೆಲವೇರ್ ರಾಜ್ಯದ ಸೆನೆಟರ್ ವಿಲಿಯಂ ರಾತ್ ಅವರ ಹೆಸರಿನಿಂದ ಅದಕ್ಕೆ ರಾತ್ ಐ.ಆರ್.ಎ. ಎನ್ನುತ್ತಾರೆ. ಇದರಲ್ಲಿ ಹಾಕುವುದು ತೆರಿಗೆ ಕಳೆದು ಉಳಿದ ಹಣ. ಆದರೆ ಖಾತೆ ತೆರೆದು ಐದು ವರ್ಷ ಕಳೆದು, ಐವತ್ತೊಂಬತ್ತೂವರೆ ವರ್ಷ ತುಂಬಿದ ಮೇಲೆ ತೆಗೆದರೆ ಅಸಲಿಗೂ ತೆರಿಗೆಯಿಲ್ಲ, ಬೆಳೆದ ಹಣಕ್ಕೂ ತೆರಿಗೆಯಿಲ್ಲ.

ಮೊದಲ ಬಗೆಯ ಖಾತೆಯಲ್ಲಿರುವ ಹಣವನ್ನು ಎರಡನೆಯ ಬಗೆಗೆ ಸಾಗಿಸುವುದೇ ಪರಿವರ್ತನೆ. ಸಾಗಿಸಿದ ವರ್ಷವೇ, ಈ ಹಿಂದೆ ತೆರಿಗೆ ಬೀಳದಿದ್ದ ಭಾಗವೆಲ್ಲ ಆ ವರ್ಷದ ಆದಾಯವೆಂದು ಎಣಿಕೆಯಾಗುತ್ತದೆ. 2010ರಿಂದ ಇದಕ್ಕೆ ಆದಾಯದ ಮಿತಿಯಿಲ್ಲ. ಒಮ್ಮೆ ಮಾಡಿದ ಪರಿವರ್ತನೆಯನ್ನು ಹಿಂದಕ್ಕೆ ಪಡೆಯುವ ಅವಕಾಶ ಮೊದಲಿತ್ತು. 2017ರ ಕಾಯಿದೆ ಅದನ್ನು ತೆಗೆದುಹಾಕಿತು. ಆದ್ದರಿಂದ 2018ರಿಂದ ಈಚೆಗೆ ಪರಿವರ್ತನೆಯು ಬಿಟ್ಟ ಬಾಣ. ಮಾಡುವ ಮೊದಲೇ ಲೆಕ್ಕ ಹಾಕಬೇಕು.

ಚಿಕ್ಕ ವಯಸ್ಸಿನವರಿಗೆ ಇಂಥ ಖಾತೆ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಐ.ಆರ್.ಎ.ಗೆ ಕೆಳಗಿನ ವಯೋಮಿತಿಯಿಲ್ಲ. ದುಡಿಮೆಯ ಆದಾಯವಿದ್ದರೆ ಸಾಕು. ಈ ಮನೆಯ ಹುಡುಗ ಹೈಸ್ಕೂಲಿನಲ್ಲಿದ್ದಾಗಲೇ ಬೇಸಿಗೆ ರಜೆಯಲ್ಲಿ ಈಜುಕೊಳದ ಕಾವಲು ಕೆಲಸ ಮಾಡುತ್ತಿದ್ದ. ತನ್ನ ದುಡಿಮೆಯ ಹಣವನ್ನು ತಂದೆಯ ಮಾತಿನಂತೆ ಖಾತೆಗೆ ತುಂಬುತ್ತ ಬಂದ. ಒಂದು ವರ್ಷದಲ್ಲಿ ತಾನು ದುಡಿದುದಕ್ಕಿಂತ ಹೆಚ್ಚು ತುಂಬುವಂತಿಲ್ಲ. 2025ರಲ್ಲಿ ಐವತ್ತು ವರ್ಷದೊಳಗಿನವರಿಗೆ ಗರಿಷ್ಠ ಮಿತಿ 7,000 ಡಾಲರ್. ಹುಡುಗನ ಕಾಯಕದ ಹಣ ಹೀಗೆ ಅವನ ಹೆಸರಿನಲ್ಲಿ ಕೂಡಿತ್ತು.

ತಪ್ಪಿನ ಮೂಲ

ಯಜಮಾನರ ತಿಳಿವಳಿಕೆ ಎಲ್ಲಿಂದ ಬಂದುದೆಂದು ಊಹಿಸುವುದು ಕಷ್ಟವಲ್ಲ. ಭಾರತದ ಆದಾಯ ತೆರಿಗೆ ಕಾಯಿದೆಯಂತೆ ಅಪ್ರಾಪ್ತ ವಯಸ್ಸಿನ ಮಗುವಿನ ಬಡ್ಡಿ ಮೊದಲಾದ ಆದಾಯವು, ತಂದೆತಾಯಿಗಳಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರುತ್ತದೆ. ಮಗು ತನ್ನ ಮೈದುಡಿಮೆಯಿಂದಲೋ ಕಲೆ ಕೌಶಲದಿಂದಲೋ ಗಳಿಸಿದುದು ಮಾತ್ರ ಹೊರತು. ನಮ್ಮ ಗೃಹಸ್ಥರು ಈ ಪದ್ಧತಿಯಲ್ಲಿ ಬೆಳೆದವರು. ಇವರ ಮಗ ಅಪ್ರಾಪ್ತನಾಗಿರಲಿಲ್ಲ, ಇಪ್ಪತ್ತು ತುಂಬಿದವನು. ಆದರೂ ಅಮೆರಿಕೆಯ ರಿಟರ್ನಿನಲ್ಲಿ "ಅವಲಂಬಿತ" ಎಂಬ ಮಾತು ಕಂಡೊಡನೆ ಹಳೆಯ ತಿಳಿವಳಿಕೆ ಎದ್ದುಬಂದಿತ್ತು.

ಅಮೆರಿಕೆಯ ಕಾಯಿದೆಯ ನಡೆ ಬೇರೆ. ತಂದೆಯ ರಿಟರ್ನಿನಲ್ಲಿ ಮಗನನ್ನು ಅವಲಂಬಿತನೆಂದು ತೋರಿಸುವುದು ಅವನ ಹೆಸರನ್ನೂ ಸಾಮಾಜಿಕ ಭದ್ರತಾ ಸಂಖ್ಯೆಯನ್ನೂ ನಮೂದಿಸಿ ತಂದೆಗೆ ಸಲ್ಲುವ ರಿಯಾಯಿತಿ ಪಡೆಯುವುದಕ್ಕೆ ಮಾತ್ರ. ಅದರಿಂದ ಮಗನ ಆದಾಯ ತಂದೆಯದಾಗುವುದಿಲ್ಲ. ಖಾತೆ ಯಾರ ಹೆಸರಿನಲ್ಲಿದೆಯೋ ಪರಿವರ್ತನೆಯ ಆದಾಯ ಅವರದು. ಅದನ್ನು ಅವರು ತಮ್ಮದೇ ರಿಟರ್ನಿನಲ್ಲಿ ತೋರಿಸಬೇಕು. ಆ ರಿಟರ್ನಿನಲ್ಲಿ, "ನಿಮ್ಮನ್ನು ಬೇರೊಬ್ಬರು ಅವಲಂಬಿತರೆಂದು ತೋರಿಸಬಹುದೇ" ಎಂಬ ಪ್ರಶ್ನೆಯ ಮನೆಗೆ ಗುರುತು ಹಾಕಬೇಕು. ಹೀಗೆ ತಂದೆ ಮಗ ಇಬ್ಬರೂ ರಿಟರ್ನ್ ಸಲ್ಲಿಸುವುದು, ಮಗ ಅವಲಂಬಿತನಾಗಿಯೇ ಉಳಿಯುವುದು ಎರಡೂ ಒಟ್ಟಿಗೆ ಸಾಧ್ಯ.

ಮಗುವಿನ ಆದಾಯವನ್ನು ತಂದೆತಾಯಿಗಳು ತಮ್ಮ ರಿಟರ್ನಿಗೆ ಸೇರಿಸಿಕೊಳ್ಳಬಹುದಾದ ಒಂದು ದಾರಿ ಅಲ್ಲಿಯೂ ಇದೆ. ಅದು 8814 ಎಂಬ ನಮೂನೆ. ಆದರೆ ಮಗುವಿನ ಆದಾಯವೆಲ್ಲ ಬಡ್ಡಿ ಮತ್ತು ಡಿವಿಡೆಂಡ್ ರೂಪದ್ದೇ ಆಗಿದ್ದರೆ ಮಾತ್ರ ಆ ದಾರಿ ತೆರೆದಿರುತ್ತದೆ. ಸಂಬಳವಾಗಲಿ ಐ.ಆರ್.ಎ. ಪರಿವರ್ತನೆಯಾಗಲಿ ಬಂದೊಡನೆ ಅದು ಮುಚ್ಚುತ್ತದೆ.

ಕಾಗದಗಳು ನಡೆಯುವ ಬಗೆ

ಪರಿವರ್ತನೆ ಆಯಾ ವರ್ಷದ ಡಿಸೆಂಬರ್ 31ರೊಳಗೆ ಮುಗಿಯಬೇಕು. ಮರು ವರ್ಷದ ಜನವರಿ ಕೊನೆಯ ಹೊತ್ತಿಗೆ ಖಾತೆಯ ಸಂಸ್ಥೆಯು 1099-ಆರ್ ಎಂಬ ಪತ್ರವನ್ನು ಖಾತೆದಾರನಿಗೆ ಕಳುಹಿಸುತ್ತದೆ. ಅದರ ಪ್ರತಿ ಇಲಾಖೆಗೂ ಹೋಗುತ್ತದೆ. ಅದರಲ್ಲಿ ಹೊರಬಂದ ಮೊತ್ತವೂ ಅದು ಯಾವ ಬಗೆಯದೆಂಬ ಸಂಕೇತವೂ ಖಾತೆದಾರನ ಸಂಖ್ಯೆಯೂ ಇರುತ್ತವೆ. ಇಲಾಖೆಯ ಯಂತ್ರವು ಹುಡುಕುವುದು ಆ ಸಂಖ್ಯೆಯ ರಿಟರ್ನನ್ನು. ತಂದೆಯ ಸಂಖ್ಯೆಯ ಕೆಳಗೆ ಅದೇ ಮೊತ್ತವಿದೆಯೆಂಬುದು ಅದಕ್ಕೆ ತಿಳಿಯದು. ನಮ್ಮ ಗೃಹಸ್ಥರ ಮಗನಿಗೆ ನೋಟೀಸು ಬಂದುದು ಹೀಗೆ.

ಮಗ ತನ್ನ 1040 ನಮೂನೆಯಲ್ಲಿ, ಐ.ಆರ್.ಎ. ಹಣಕ್ಕೆಂದಿರುವ 4ಎ ಸಾಲಿನಲ್ಲಿ ಒಟ್ಟು ಮೊತ್ತವನ್ನೂ 4ಬಿ ಸಾಲಿನಲ್ಲಿ ತೆರಿಗೆಗೆ ಒಳಪಡುವ ಮೊತ್ತವನ್ನೂ ಬರೆಯಬೇಕು. ಜೊತೆಗೆ 8606 ಎಂಬ ನಮೂನೆಯನ್ನು ಲಗತ್ತಿಸಬೇಕು. ಈ ನಮೂನೆ ಒಬ್ಬೊಬ್ಬರಿಗೆ ಒಂದೊಂದು; ಗಂಡಹೆಂಡಿರು ಒಂದೇ ರಿಟರ್ನ್ ಸಲ್ಲಿಸಿದರೂ ಇದನ್ನು ಬೇರೆ ಬೇರೆ ತುಂಬಬೇಕೆಂದ ಮೇಲೆ, ಮಗನದನ್ನು ತಂದೆಯದರೊಳಗೆ ಸೇರಿಸುವ ಮಾತೇ ಇಲ್ಲ. ಆದಾಯ ಕಡಿಮೆಯಾಗಿ ರಿಟರ್ನ್ ಸಲ್ಲಿಸುವ ಅಗತ್ಯವಿಲ್ಲದಿದ್ದರೂ 8606ನ್ನು ಒಂಟಿಯಾಗಿ ರುಜು ಮಾಡಿ ಕಳುಹಿಸಬೇಕು.

ಈ ನಮೂನೆಯ ಮಹತ್ವ ಇನ್ನೊಂದಿದೆ. ಖಾತೆಗೆ ತುಂಬಿದ ಹಣಕ್ಕೆ ಆಗ ವಿನಾಯಿತಿ ಪಡೆಯದೆ, ಹಾಗೆಂದು 8606ರಲ್ಲಿ ದಾಖಲಿಸಿದ್ದರೆ, ಆ ಭಾಗಕ್ಕೆ ಪರಿವರ್ತನೆಯಲ್ಲಿ ಮತ್ತೆ ತೆರಿಗೆಯಿಲ್ಲ. ಉದಾಹರಣೆಗೆ ಖಾತೆಯಲ್ಲಿ 8,000 ಡಾಲರ್ ಇದ್ದು ಅದರಲ್ಲಿ 6,000 ಈ ಬಗೆಯದಾಗಿದ್ದರೆ, ಎಲ್ಲವನ್ನೂ ಪರಿವರ್ತಿಸಿದಾಗ ಆದಾಯವಾಗುವುದು 2,000 ಮಾತ್ರ. ಅರ್ಧವನ್ನೇ ಪರಿವರ್ತಿಸಿದರೆ "ತೆರಿಗೆ ಕೊಟ್ಟ ಹಣವನ್ನೇ ಸಾಗಿಸಿದೆವು" ಎನ್ನುವಂತಿಲ್ಲ. ನಾಲ್ಕರಲ್ಲಿ ಮೂರು ಪಾಲಿನ ಪ್ರಮಾಣದಲ್ಲಿ 3,000ಕ್ಕೆ ತೆರಿಗೆಯಿಲ್ಲ, 1,000ಕ್ಕೆ ಉಂಟು. ಮಕ್ಕಳ ಆದಾಯ ಬಹುವೇಳೆ ತೆರಿಗೆಯ ಮಟ್ಟಕ್ಕೆ ಬರುವುದೇ ಇಲ್ಲ. ಅಂಥವರಿಗೆ ವಿನಾಯಿತಿಯಿಂದ ಲಾಭವೂ ಇಲ್ಲ. ಆ ವರ್ಷವೇ ಒಂದು ಪುಟದ ದಾಖಲೆ ಮಾಡಿಟ್ಟಿದ್ದರೆ ಮುಂದೆ ಬಹಳ ಉಳಿಯುತ್ತದೆ. ಆದುದರಿಂದ ಹಳೆಯ 8606 ನಮೂನೆಗಳನ್ನು ಹೊಲದ ಪಹಣಿಯಂತೆ ಜೋಪಾನ ಮಾಡಬೇಕು.

ತಂದೆಯ ದರ, ಮಗನ ಪುಟ

ಇಲ್ಲಿ ಒಂದು ಸೂಕ್ಷ್ಮವಿದೆ. ಪರಿವರ್ತನೆಯ ಮೊತ್ತ ಮಗ ಹಿಂದೆ ದುಡಿದುದರಿಂದಲೇ ಬೆಳೆದಿದ್ದರೂ ಕಾಯಿದೆಯ ಕಣ್ಣಿಗೆ ಅದು ದುಡಿಮೆಯ ಆದಾಯವಲ್ಲ. ಬಡ್ಡಿ ಬಾಡಿಗೆಗಳ ಸಾಲಿಗೆ ಸೇರಿದುದು. ಸಿರಿವಂತರು ತಮ್ಮ ಆಸ್ತಿಯನ್ನು ಮಕ್ಕಳ ಹೆಸರಿಗೆ ವರ್ಗಾಯಿಸಿ ಕಡಿಮೆ ದರದಲ್ಲಿ ತೆರಿಗೆ ಕಟ್ಟುವುದನ್ನು ತಡೆಯಲು 1986ರ ಕಾಯಿದೆಯಲ್ಲಿ ಒಂದು ನಿಯಮ ಬಂತು. ಮಗುವಿನ ದುಡಿಮೆಯಲ್ಲದ ಆದಾಯ ಒಂದು ಮಿತಿಯನ್ನು ದಾಟಿದರೆ, ದಾಟಿದ ಭಾಗಕ್ಕೆ ತಂದೆತಾಯಿಗಳ ದರದಲ್ಲಿ ತೆರಿಗೆ. 2025ನೆಯ ಸಾಲಿಗೆ ಈ ಮಿತಿ 2,700 ಡಾಲರ್. ಹದಿನೆಂಟರೊಳಗಿನವರಿಗೆ ಇದು ಅನ್ವಯಿಸುತ್ತದೆ. ಹದಿನೆಂಟು ವಯಸ್ಸಿನವರಿಗೂ, ಇಪ್ಪತ್ನಾಲ್ಕು ತುಂಬದ ಪೂರ್ಣಾವಧಿ ವಿದ್ಯಾರ್ಥಿಗಳಿಗೂ, ತಮ್ಮ ಪೋಷಣೆಯ ಅರ್ಧಕ್ಕಿಂತ ಹೆಚ್ಚನ್ನು ತಾವೇ ದುಡಿಯದಿದ್ದರೆ ಇದೇ ನಿಯಮ.

ಇದಕ್ಕೆ 8615 ಎಂಬ ನಮೂನೆ. ಇದರಲ್ಲಿ ತಂದೆಯ ಹೆಸರು, ಸಂಖ್ಯೆ, ಆದಾಯದ ಅಂಕಿಗಳನ್ನು ಬರೆಯಬೇಕು. ನಮ್ಮ ಗೃಹಸ್ಥರು ತಿಳಿದುದಕ್ಕೆ ಇದು ತೀರ ವ್ಯತಿರಿಕ್ತವೆಂಬುದನ್ನು ಗಮನಿಸಬೇಕು. ಮಗನ ಆದಾಯ ತಂದೆಯ ಪುಟಕ್ಕೆ ಹೋಗುವುದಿಲ್ಲ. ತಂದೆಯ ಅಂಕಿಯೇ ಮಗನ ಪುಟಕ್ಕೆ ಬರುತ್ತದೆ. ಆದಕಾರಣ ತಂದೆತಾಯಿಗಳ ರಿಟರ್ನನ್ನು ಮೊದಲು ಸಿದ್ಧಪಡಿಸಿ ಅನಂತರ ಮಗನದನ್ನು ಬರೆಯುವುದು ಅನುಕೂಲ.

ಒಂದು ಲೆಕ್ಕವನ್ನು 2025ರ ನಿಯಮದಂತೆ ಹಾಕಿ ನೋಡೋಣ. ಇಪ್ಪತ್ತು ವರ್ಷದ ಅವಲಂಬಿತ ವಿದ್ಯಾರ್ಥಿ, ದುಡಿಮೆಯ ಆದಾಯ 6,000 ಡಾಲರ್, ಹಿಂದೆ ತೆರಿಗೆ ಬೀಳದ 8,000 ಡಾಲರಿನ ಪರಿವರ್ತನೆ, ಒಟ್ಟು 14,000. ಅವಲಂಬಿತರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಪೂರ್ತಿ 15,750 ಸಿಗುವುದಿಲ್ಲ. ದುಡಿಮೆಯ ಆದಾಯಕ್ಕೆ 450 ಕೂಡಿಸಿದಷ್ಟು, ಅಂದರೆ 6,450 ಮಾತ್ರ. ಉಳಿದ 7,550ಕ್ಕೆ ತೆರಿಗೆ. ಪರಿವರ್ತನೆಯ 8,000ದಲ್ಲಿ 2,700 ಕಳೆದ 5,300ಕ್ಕೆ ತಂದೆಯ ದರ. ಅದು ಶೇಕಡ 24 ಆಗಿದ್ದರೆ 1,272 ಡಾಲರ್. ಮಿಕ್ಕ 2,250ಕ್ಕೆ ಮಗನ ದರ ಶೇಕಡ 10ರಂತೆ 225. ಒಟ್ಟು ಸುಮಾರು 1,497.

ಇದೇ 8,000ವನ್ನು ತಂದೆ ತಪ್ಪಾಗಿ ತನ್ನ ರಿಟರ್ನಿಗೆ ಸೇರಿಸಿದರೆ ಕಟ್ಟುವುದು 1,920. ಅಂದರೆ ಕೊಡಬೇಕಾದುದಕ್ಕಿಂತ ಹೆಚ್ಚು ಕೊಟ್ಟೂ ಮಗನಿಗೆ ನೋಟೀಸು ತಪ್ಪಲಿಲ್ಲ. ಇನ್ನೊಂದು ದಾರಿಯನ್ನೂ ನೋಡಿ. ಓದು ಮುಗಿಸಿ ಸ್ವತಂತ್ರನಾಗಿ, ಯಾರ ಅವಲಂಬಿತನೂ ಅಲ್ಲದ ವರ್ಷ, ತಂದೆಯ ದರದ ನಿಯಮವೂ ತಟ್ಟದಿರುವಾಗ ಇಷ್ಟೇ ದುಡಿಮೆ, ಇಷ್ಟೇ ಪರಿವರ್ತನೆ ಇದ್ದರೆ, 14,000ವೆಲ್ಲ 15,750ರ ಡಿಡಕ್ಷನ್ನಿನಲ್ಲಿ ಅಡಗಿ ತೆರಿಗೆ ಶೂನ್ಯವಾಗುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಸಂಬಳ ಹೆಚ್ಚಿರುವುದರಿಂದ ಅಂಥ ವರ್ಷ ಎಲ್ಲರಿಗೂ ಸಿಗಲಾರದು. ಆದರೆ ಪರಿವರ್ತನೆಗೆ ಅವಸರವಿಲ್ಲ. ವರ್ಷಕ್ಕೆ ಸ್ವಲ್ಪ ಸ್ವಲ್ಪವಾಗಿ, 2,700ರ ಮಿತಿ ಮೀರದಂತೆ ಸಾಗಿಸುವುದೂ ಒಂದು ಉಪಾಯ. ಬಡ್ಡಿ ಡಿವಿಡೆಂಡುಗಳಿದ್ದರೆ ಅವೂ ಆ ಮಿತಿಯೊಳಗೇ ಬರುತ್ತವೆಂಬುದನ್ನು ಮರೆಯಬಾರದು.

ತೆರಿಗೆಯನ್ನು ಖಾತೆಯ ಹಣದಿಂದಲೇ ಮುರಿಸಿಕೊಳ್ಳುವುದು ಒಳ್ಳೆಯದಲ್ಲ. ಬೇಡವೆಂದು ಬರೆದುಕೊಡದಿದ್ದರೆ ಸಂಸ್ಥೆಯು ಶೇಕಡ 10ನ್ನು ಮುರಿದುಕೊಳ್ಳುವುದುಂಟು. 8,000ದಲ್ಲಿ 800 ಮುರಿದರೆ ರಾತ್ ಖಾತೆಗೆ ಹೋದುದು 7,200 ಮಾತ್ರ. ಆ 800 ಪರಿವರ್ತನೆಯಲ್ಲ, ವಯಸ್ಸಿಗೆ ಮುಂಚೆ ತೆಗೆದ ಹಣ. ಅರವತ್ತು ದಿನಗಳೊಳಗೆ ಅಷ್ಟನ್ನು ಬೇರೆ ಕಡೆಯಿಂದ ತಂದು ತುಂಬದಿದ್ದರೆ ಅದಕ್ಕೆ ಇನ್ನೂ ಶೇಕಡ 10ರ ಹೆಚ್ಚುವರಿ ತೆರಿಗೆ ಬೀಳುತ್ತದೆ. ತಂದೆತಾಯಿಗಳು ಮಗನಿಗೆ ಸಹಾಯ ಮಾಡಬೇಕೆಂದಿದ್ದರೆ ಅವನ ತೆರಿಗೆಯ ಹಣವನ್ನು ಉಡುಗೊರೆಯಾಗಿ ಕೊಡಲಿ. ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಅವನ ಆದಾಯವನ್ನು ತಮ್ಮ ಪುಟಕ್ಕೆ ಎಳೆದುಕೊಳ್ಳುವುದು ಬೇಡ.

ಅಜ್ಜಿಯ ಖಾತೆಯ ಪ್ರಶ್ನೆ

ಮಗನ ವಿಷಯ ಮುಗಿಯಿತೆನ್ನುವಾಗ ಅಜ್ಜಿಯ ಖಾತೆ ಮುಂದೆ ಬಂತು. ಅರವತ್ತೇಳರ ಆ ತಾಯಿ ವಿಧವೆ. ಕೆಲವು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ಸುಮಾರು 9,000 ಡಾಲರನ್ನು ಐ.ಆರ್.ಎ.ಯಲ್ಲಿ ಇಟ್ಟಿದ್ದರು. ಅವರನ್ನೂ ಮಗ ಅವಲಂಬಿತರೆಂದೇ ತೋರಿಸುತ್ತಿದ್ದರು. 2025ರಲ್ಲಿ ಇದನ್ನೂ ಪರಿವರ್ತಿಸುವ ಯೋಚನೆಯಿತ್ತು.

ಮಕ್ಕಳಿಗೂ ಹಿರಿಯರಿಗೂ ಇಲ್ಲಿ ದೊಡ್ಡ ಅಂತರವಿದೆ. ಓದುವ ಮಗನ ಆದಾಯ ಎಷ್ಟೇ ಆದರೂ, ತನ್ನ ಪೋಷಣೆಯ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸದಿದ್ದರೆ ಅವಲಂಬನೆ ಕೆಡುವುದಿಲ್ಲ. ಪರಿವರ್ತನೆಯ ಹಣ ಖಾತೆಯಲ್ಲೇ ಇರುವುದರಿಂದ ಅದು ಪೋಷಣೆಯ ಖರ್ಚೂ ಅಲ್ಲ. ತಾಯಿಯಂಥ ಅವಲಂಬಿತ ಬಂಧುವಿಗಾದರೋ ಆದಾಯದ ಮಿತಿಯಿದೆ. 2025ರಲ್ಲಿ ಅದು 5,200 ಡಾಲರ್. ಆದಾಯ ಇದಕ್ಕಿಂತ ಕಡಿಮೆ ಇರಬೇಕು. 9,000ವನ್ನು ಒಂದೇ ವರ್ಷ ಪರಿವರ್ತಿಸಿದರೆ ಆ ವರ್ಷ ಆಕೆ ಮಗನ ಅವಲಂಬಿತರಾಗಿ ಉಳಿಯರು. ಮಗನಿಗೆ ಸಿಗುವ 500 ಡಾಲರಿನ ರಿಯಾಯಿತಿ ತಪ್ಪುತ್ತದೆ. ಪರಿವರ್ತನೆಯೇ ಅವಲಂಬನೆಯನ್ನು ಮುರಿಯಿತೆಂದು ಅನೇಕರಿಗೆ ಹೊಳೆಯುವುದೇ ಇಲ್ಲ. ಅವಲಂಬಿತೆ ಎಂದು ತೋರಿಸಿಯೂ ಬಿಡುತ್ತಾರೆ.

ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅವಲಂಬಿತರಲ್ಲದ ಆಕೆಗೆ 15,750ರ ಪೂರ್ಣ ಡಿಡಕ್ಷನ್, ಅರವತ್ತೈದು ದಾಟಿದುದರಿಂದ ಮೇಲೆ 2,000 ಸಿಗುತ್ತವೆ. 9,000ಕ್ಕೆ ಕೇಂದ್ರದ ತೆರಿಗೆಯೇ ಇಲ್ಲ. ಎರಡು ವರ್ಷಕ್ಕೆ ಹಂಚಿದರೆ ಅವಲಂಬನೆ ಉಳಿಯುತ್ತದೆ, ಆದರೆ ಅವಲಂಬಿತರ ಡಿಡಕ್ಷನ್ ಕಿರಿದು. ಎರಡನ್ನೂ ತೂಗಿ ನೋಡಿ ನಿರ್ಧರಿಸಬೇಕು. ಈ ಮನೆಯಲ್ಲಿ ನಿರ್ಧರಿಸಿದವರು ಅಜ್ಜಿಯೇ. "ಒಂದೇ ಸಲ ಮುಗಿಸಿಬಿಡಪ್ಪ. ನನ್ನ ಹಣದ ಕಾಗದಕ್ಕೆ ನಾನೇ ರುಜು ಹಾಕ್ತೀನಿ. ನಿನಗೆ ಐನೂರು ಕಡಿಮೆಯಾದರೆ ನಾನು ಕೊಡ್ತೀನಿ" ಎಂದರಂತೆ. ಮಗ ಆ ಐನೂರನ್ನು ಪಡೆಯಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇತರ ಎಚ್ಚರಿಕೆಗಳು

ಪರಿವರ್ತನೆಯ ಆದಾಯ ತಂದೆಯ ರಿಟರ್ನಿಗೆ ಸೇರದಿದ್ದರೂ ಕುಟುಂಬಕ್ಕೆ ಬೇರೆ ದಾರಿಯಲ್ಲಿ ತಟ್ಟಬಹುದು. ಸರ್ಕಾರದ ಮಾರುಕಟ್ಟೆಯಲ್ಲಿ ಆರೋಗ್ಯ ವಿಮೆ ಕೊಂಡು ಕಂತಿನ ಸಹಾಯಧನ ಪಡೆಯುವ ಕುಟುಂಬದಲ್ಲಿ, ರಿಟರ್ನ್ ಸಲ್ಲಿಸಲೇಬೇಕಾದಷ್ಟು ಆದಾಯವಿರುವ ಅವಲಂಬಿತನ ಆದಾಯವನ್ನೂ 8962 ನಮೂನೆಯಲ್ಲಿ ಮನೆಯ ಒಟ್ಟು ಆದಾಯಕ್ಕೆ ಕೂಡಿಸುತ್ತಾರೆ. ಕಾಲೇಜಿನ ಧನಸಹಾಯಕ್ಕೆ ಅರ್ಜಿ ಹಾಕುವಾಗ ಎರಡು ವರ್ಷ ಹಿಂದಿನ ರಿಟರ್ನನ್ನು ನೋಡುತ್ತಾರೆ. ಪರಿವರ್ತನೆಯ ವರ್ಷ ಅದಾಗಿದ್ದರೆ ವಿದ್ಯಾರ್ಥಿಯ ಆದಾಯ ದೊಡ್ಡದಾಗಿ ಕಾಣುತ್ತದೆ. ರಾಜ್ಯದ ತೆರಿಗೆಯೂ ಬೇರೆ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ವ್ಯಕ್ತಿಗಳ ಆದಾಯಕ್ಕೆ ರಾಜ್ಯದ ತೆರಿಗೆಯಿಲ್ಲ; ನ್ಯೂ ಜೆರ್ಸಿ, ಕ್ಯಾಲಿಫೋರ್ನಿಯಾಗಳಲ್ಲಿ ಉಂಟು.

ಈ ವಿಷಯ ಮುಂದೆ ಇನ್ನೂ ಹೆಚ್ಚು ಮನೆಗಳಿಗೆ ಸಂಬಂಧಿಸಲಿದೆ. 2025ರ ಜುಲೈ 4ರಂದು ಸಹಿಯಾದ ಕಾಯಿದೆಯಂತೆ ಮಕ್ಕಳಿಗೆ ಟ್ರಂಪ್ ಖಾತೆಯೆಂಬ ಹೊಸ ಬಗೆಯ ಖಾತೆ ಬಂದಿದೆ. 2025ರಿಂದ 2028ರ ಕೊನೆಯವರೆಗೆ ಜನಿಸಿದ ಅಮೆರಿಕೆಯ ಪೌರ ಮಕ್ಕಳಿಗೆ ಸರ್ಕಾರ 1,000 ಡಾಲರ್ ಕೊಡುತ್ತದೆ. ಅಲ್ಲಿ ಹುಟ್ಟಿದ ನಮ್ಮ ಮೊಮ್ಮಕ್ಕಳೂ ಇದರಲ್ಲಿ ಸೇರುತ್ತಾರೆ. ಮಗುವಿಗೆ ಹದಿನೆಂಟು ತುಂಬುವ ವರ್ಷದಿಂದ ಈ ಖಾತೆಗೆ ಸಾಮಾನ್ಯ ಐ.ಆರ್.ಎ. ನಿಯಮಗಳೇ ಬಹುಮಟ್ಟಿಗೆ ಅನ್ವಯಿಸುತ್ತವೆ. ಆಗ ಪರಿವರ್ತನೆಯ ಪ್ರಶ್ನೆ ಏಳುವುದು ಸಹಜ. ಮನೆಯವರು ತುಂಬಿದ್ದು ತೆರಿಗೆ ಕೊಟ್ಟ ಹಣ. ಸರ್ಕಾರದ ಸಾವಿರ ಮತ್ತು ಬೆಳೆದ ಹಣ ಹಾಗಲ್ಲ. ಎರಡನ್ನೂ ಬೇರ್ಪಡಿಸಲು ಇಂದಿನಿಂದಲೇ ತುಂಬಿದ ಹಣದ ಲೆಕ್ಕವನ್ನು ಬರೆದಿಡುವುದು ವಿವೇಕ.

ತಿದ್ದಿಕೊಂಡ ಬಗೆ

ನಮ್ಮ ಗೃಹಸ್ಥರು ಲೆಕ್ಕಿಗರ ಸಲಹೆಯಂತೆ ಎರಡು ಕೆಲಸ ಮಾಡಿದರು. ತಮ್ಮ ರಿಟರ್ನಿನಿಂದ ಆ ಮೊತ್ತವನ್ನು ತೆಗೆದು 1040-ಎಕ್ಸ್ ಎಂಬ ತಿದ್ದುಪಡಿ ನಮೂನೆ ಸಲ್ಲಿಸಿದರು; ಹೆಚ್ಚಾಗಿ ಕಟ್ಟಿದ ತೆರಿಗೆಯನ್ನು ಮರಳಿ ಕೇಳಲು ರಿಟರ್ನ್ ಸಲ್ಲಿಸಿದಂದಿನಿಂದ ಸಾಮಾನ್ಯವಾಗಿ ಮೂರು ವರ್ಷದ ಕಾಲಾವಕಾಶವಿದೆ. ಮಗ ತನ್ನ 2022ರ ರಿಟರ್ನನ್ನು 8606, 8615 ನಮೂನೆಗಳೊಡನೆ ತಡವಾಗಿ ಸಲ್ಲಿಸಿದ. ಮಗನ ಹೆಸರಿನಲ್ಲಿ ತೆರಿಗೆ ಬಾಕಿಯಿದ್ದುದರಿಂದ ದಂಡವೂ ಬಡ್ಡಿಯೂ ಬಿದ್ದವು. ತಡವಾದ ರಿಟರ್ನಿಗೆ ಬಾಕಿಯ ಮೇಲೆ ತಿಂಗಳಿಗೆ ಶೇಕಡ 5ರಂತೆ ಶೇಕಡ 25ರವರೆಗೆ ದಂಡವಿದೆ. ತಂದೆ ಕಟ್ಟಿದ್ದ ಹಣ ಮಗನ ಖಾತೆಗೆ ತಾನಾಗಿ ಜಮೆಯಾಗುವುದಿಲ್ಲ.

ಮಗುವಿಗೆ ರುಜು ಮಾಡುವಷ್ಟು ವಯಸ್ಸಿಲ್ಲದಿದ್ದರೆ ತಂದೆಯೋ ತಾಯಿಯೋ ಮಗುವಿನ ಹೆಸರನ್ನು ಬರೆದು, ಅದರ ಮುಂದೆ ತಮ್ಮ ರುಜು ಹಾಕಿ, ಅಪ್ರಾಪ್ತ ಮಗುವಿನ ಪರವಾಗಿ ಎಂದು ಸೂಚಿಸಬೇಕು. ಅಲ್ಲಿಯೂ ಪುಟ ಮಗುವಿನದೇ. ರುಜು ಮಾಡಬಲ್ಲ ವಯಸ್ಸಿನವರಾದರೆ ಅವರನ್ನೇ ಕೂರಿಸಿ, ಪ್ರತಿ ಸಾಲನ್ನೂ ಓದಿಸಿ, ಅರ್ಥ ಹೇಳಿ ರುಜು ಮಾಡಿಸುವುದು ಉತ್ತಮ. ಆ ಮನೆಯ ಹುಡುಗ ನಮ್ಮೆದುರು ಕುಳಿತು ಓದುತ್ತಿದ್ದಾಗ, "ಈ ಹಣ ನನ್ನದು ಎಂದು ನನಗೆ ಇವತ್ತೇ ಗೊತ್ತಾಯಿತು ಅಪ್ಪ" ಎಂದ. ಆ ಮಾತಿಗೆ ತಂದೆ ಏನೂ ಉತ್ತರ ಕೊಡಲಿಲ್ಲ. ನಾಲ್ಕು ಬೇಸಿಗೆಗಳ ದುಡಿಮೆಯನ್ನು ಮಗನ ಹೆಸರಿನಲ್ಲಿ ಕೂಡಿಸಿದ್ದ ಅವರು, ಅದನ್ನು ಮಗನಿಗೆ ಒಪ್ಪಿಸಿರಲಿಲ್ಲ.

ಅಮೆರಿಕೆಯಲ್ಲಿರುವ ಮಕ್ಕಳಿಗೆ ಈ ಪತ್ರಿಕೆಯನ್ನು ಕಳುಹಿಸುವ ತಂದೆತಾಯಿಗಳು ಈ ಪುಟಗಳಿಗೆ ಒಂದು ಗುರುತು ಹಾಕಿ ಕಳುಹಿಸಲಿ. ಜನವರಿಯಲ್ಲಿ 1099-ಆರ್ ಪತ್ರ ಬಂದಾಗ ಮೊದಲು ಅದರ ಮೇಲಿನ ಹೆಸರನ್ನು ಓದಬೇಕು. ಆ ಹೆಸರಿನವರನ್ನು ಕರೆದು, ಅವರ ಹೆಸರಿನ ರಿಟರ್ನನ್ನೇ ತೆರೆಯಬೇಕು. ಮೊತ್ತ, ದರ, ನಮೂನೆಗಳ ಮಾತೆಲ್ಲ ಅನಂತರದ್ದು. ಮಿತಿಗಳು ವರ್ಷವರ್ಷಕ್ಕೂ ಬದಲಾಗುವುದರಿಂದ ಆಯಾ ವರ್ಷದ ಸೂಚನಾ ಪುಸ್ತಿಕೆಯನ್ನು ನೋಡಿ, ಬಲ್ಲ ಲೆಕ್ಕಿಗರನ್ನು ಕೇಳಿ, ಡಿಸೆಂಬರ್ ಮುಗಿಯುವ ಮೊದಲೇ ನಿರ್ಧರಿಸಿದರೆ ಏಪ್ರಿಲ್ 15ರ ಗಡುವಿಗೆ ಆತಂಕವಿರದು.